ಮಲೆನಾಡಿನ ಮಳೆಗೆ ಹಳೆಯ ಜೀಪು: ಕಡಿಮೆ ಹಣದಲ್ಲಿ ಕೊಳ್ಳುವ ಮುನ್ನ

ಮೆಣಸೆ (ಶೃಂಗೇರಿ): ಶೃಂಗೇರಿ ಪಟ್ಟಣದ ಮಗ್ಗುಲಿನ ಮೆಣಸೆಯನ್ನು ಹೊರಗಿನವರು ಬಲ್ಲದ್ದು ಅಲ್ಲಿರುವ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ರಾಜೀವ್ ಗಾಂಧಿ ಆವರಣದಿಂದ. ಅಲ್ಲಿಯವರೆಗೆ ಡಾಂಬರು ರಸ್ತೆಯಿದೆ. ಯಾವ ಪುಟ್ಟ ಕಾರೂ ನಿರಾಯಾಸವಾಗಿ ಬಂದು ನಿಲ್ಲುತ್ತದೆ. ತೊಡಕು ಆರಂಭವಾಗುವುದು ಮುಖ್ಯ ರಸ್ತೆಯನ್ನು ಬಿಟ್ಟು ತೋಟದ ಕಡೆಗೆ ತಿರುಗಿದ ಮೇಲೆ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲೂಕುಗಳಲ್ಲಿ ಊರೆಂದರೆ ಒತ್ತೊತ್ತಾದ ಮನೆಗಳ ಸಾಲಲ್ಲ. ಗುಡ್ಡದ ಮೇಲೊಂದು, ಕಣಿವೆಯ ಅಡಿಕೆ ತೋಟದ ಅಂಚಿನಲ್ಲೊಂದು ಎಂಬಂತೆ ಚದುರಿದ ಒಂಟಿಮನೆಗಳು. ಅಂಥ ಮನೆಗೆ ಹೋಗುವ ಕೊನೆಯ ಒಂದೆರಡು ಕಿಲೋಮೀಟರು ಬಹಳ ಕಡೆ ಇಂದಿಗೂ ಮಣ್ಣಿನ ದಾರಿಯೇ.

ಬೇಸಿಗೆಯಲ್ಲಿ ಈ ದಾರಿ ಯಾರನ್ನೂ ಕಾಡುವುದಿಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕೆಂಪು ಮಣ್ಣು ಬೆಣ್ಣೆಯಾಗುತ್ತದೆ, ಕಲ್ಲುಗಳ ಮೇಲೆ ಹಾವಸೆ ಕಟ್ಟುತ್ತದೆ, ಅಲ್ಲಲ್ಲಿ ಧರೆ ಕುಸಿಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆ ಇಲ್ಲಿಂದ ದೂರವೇನಿಲ್ಲ. ಇಂಥ ದಿನಗಳಲ್ಲಿ ಮನೆಯಲ್ಲಿ ಹಿರಿಯರೊಬ್ಬರಿಗೆ ಎದೆನೋವು ಕಾಣಿಸಿಕೊಂಡರೆ, ತೋಟದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ, ಆಂಬುಲೆನ್ಸು ಬಂದು ನಿಲ್ಲುವುದು ಡಾಂಬರು ಮುಗಿಯುವಲ್ಲಿ. ಅಲ್ಲಿಯವರೆಗೆ ರೋಗಿಯನ್ನು ತಲುಪಿಸುವ ಹೊಣೆ ಮನೆಯವರದು. ಮಲೆನಾಡಿನಲ್ಲಿ ನಾಲ್ಕೂ ಚಕ್ರಕ್ಕೆ ಚಾಲನೆಯಿರುವ ಜೀಪು ಷೋಕಿಯ ವಸ್ತುವಾಗದೆ ಮನೆಯ ಅಗತ್ಯವಾಗಿ ಉಳಿದುಕೊಂಡಿರುವುದು ಈ ಕಾರಣಕ್ಕೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ನೆಲೆಸಿ ಊರಿನ ತೋಟಕ್ಕೆ ಹೋಗಿಬರುವವರೂ, ಮಲೆನಾಡಿನಲ್ಲಿ ಹೊಸದಾಗಿ ಜಮೀನು ಕೊಂಡವರೂ ಇಂಥ ವಾಹನವನ್ನು ಹುಡುಕುತ್ತಾರೆ. ಹೊಸದರ ಬೆಲೆ ಎಲ್ಲರ ಕೈಗೆ ಎಟಕುವಂಥದಲ್ಲ. 2020ರ ಅಕ್ಟೋಬರಿನಲ್ಲಿ ಎರಡನೆಯ ತಲೆಮಾರಿನ ಮಹೀಂದ್ರ ಥಾರ್ ಬಿಡುಗಡೆಯಾದಾಗ ಅದರ ಆರಂಭಿಕ ಷೋರೂಂ ಬೆಲೆ 9.80 ಲಕ್ಷ ರೂಪಾಯಿ. 2023ರ ಜೂನ್‌ನಲ್ಲಿ ಬಂದ ಮಾರುತಿ ಜಿಮ್ನಿಯದು 12.74 ಲಕ್ಷ. ಇದರ ಮೇಲೆ ರಾಜ್ಯದ ತೆರಿಗೆ, ವಿಮೆ ಬೇರೆ. ಆದ್ದರಿಂದ ಹಲವರ ಕಣ್ಣು ಹಳೆಯ ವಾಹನಗಳ ಕಡೆಗೆ ಹೊರಳುವುದು ಸಹಜ. ಹೀಗೆ ಕೊಳ್ಳುವವರು ಮೊದಲು ಮನಗಾಣಬೇಕಾದ ಮಾತೊಂದಿದೆ: ಆಯ್ಕೆ ಮಾಡಬೇಕಾದದ್ದು ಹೆಸರಾಂತ ಮಾದರಿಯನ್ನಲ್ಲ, ಕೆಡದ ಚಾಸಿಯನ್ನು, ಸರಿಯಾದ ಕಾಗದಪತ್ರವನ್ನು ಮತ್ತು ಹತ್ತಿರದಲ್ಲಿ ದುರಸ್ತಿಯಾಗುವ ಯಂತ್ರವನ್ನು.

ನಿಜವಾಗಿ ಬೇಕೆ?

ವಾಹನ ಹುಡುಕುವ ಮೊದಲು ದಾರಿಯನ್ನು ನೋಡಬೇಕು. ವರ್ಷದ ಎಂಟು ತಿಂಗಳು ಮಾಮೂಲಿ ಕಾರು ಸಲೀಸಾಗಿ ಓಡಾಡುವ ದಾರಿಯಲ್ಲಿ ಕಾಡುವುದು ಒಂದೇ ಒಂದು ಏರು ಎಂದಾದರೆ, ಆ ಏರಿಗೆ ಚಕ್ರಗಳ ಗುಂಟ ಎರಡು ಕಾಂಕ್ರೀಟು ಪಟ್ಟಿ ಹಾಕಿಸಿ, ಪಕ್ಕದಲ್ಲಿ ನೀರು ಹರಿಯಲು ಚರಂಡಿ ತೆಗೆಸುವುದೇ ಅಗ್ಗದ ಪರಿಹಾರವಾದೀತು. ಮಲೆನಾಡಿನ ಅನೇಕ ಮನೆಗಳವರು ಮಾಡಿಕೊಂಡಿರುವುದೂ ಇದನ್ನೇ. ದಾರಿಯಲ್ಲಿ ಹಳ್ಳ ದಾಟಬೇಕಾಗಿದ್ದರೆ, ಏರು ಒಂದಲ್ಲ ಹತ್ತಿದ್ದರೆ, ಗೊಬ್ಬರದ ಮೂಟೆ, ಅಡಿಕೆ ಚೀಲಗಳನ್ನು ಹೇರಿಕೊಂಡು ಮಳೆಯಲ್ಲಿ ಓಡಾಡಬೇಕಿದ್ದರೆ ಮಾತ್ರ ನಾಲ್ಕು ಚಕ್ರದ ಚಾಲನೆಗೆ ಅರ್ಥವಿದೆ.

ಇನ್ನೊಂದು ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ನಾಲ್ಕು ಚಕ್ರದ ಚಾಲನೆ ವಾಹನವನ್ನು ಮುಂದಕ್ಕೆ ತಳ್ಳಲು ನೆರವಾಗುತ್ತದೆಯೇ ಹೊರತು ನಿಲ್ಲಿಸಲು ಅಲ್ಲ. ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ. ಆಗುಂಬೆ ಘಾಟಿಯ ಒದ್ದೆ ತಿರುವಿನಲ್ಲಿ ವೇಗವಾಗಿ ಬಂದ ಜೀಪು ಜಾರುವುದು ಕಾರು ಜಾರುವಷ್ಟೇ ಸುಲಭವಾಗಿ.

ಎರಡನೆಯ ಗೇರುಕೋಲಿನ ಮಹತ್ವ

ಸಾಂಪ್ರದಾಯಿಕ ಜೀಪುಗಳಲ್ಲಿ ಗೇರುಪೆಟ್ಟಿಗೆಯ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆಯಿರುತ್ತದೆ. ಎಂಜಿನ್ನಿನ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವುದು ಅದರ ಕೆಲಸ. ಸಾಮಾನ್ಯ ರಸ್ತೆಗೆ ಹಿಂದಿನ ಎರಡು ಚಕ್ರದ ಚಾಲನೆ, ಕೆಸರಿಗೆ ನಾಲ್ಕು ಚಕ್ರದ 'ಹೈ', ಕಡಿದಾದ ಏರಿಳಿತಕ್ಕೆ ನಾಲ್ಕು ಚಕ್ರದ 'ಲೋ' ಎಂಬ ಮೂರು ಸ್ಥಿತಿಗಳನ್ನು ಪ್ರತ್ಯೇಕ ಗೇರುಕೋಲಿನಿಂದಲೋ, ಕೆಲವು ವಾಹನಗಳಲ್ಲಿ ವಿದ್ಯುತ್ ಗುಂಡಿಯಿಂದಲೋ ಆರಿಸಿಕೊಳ್ಳಬೇಕು.

ಮಲೆನಾಡಿಗೆ ಹೆಚ್ಚು ಉಪಯುಕ್ತವಾದದ್ದು 'ಲೋ'. ಇದನ್ನು ಹಾಕಿದಾಗ ಚಕ್ರದ ವೇಗ ತಗ್ಗಿ ಎಳೆಯುವ ಬಲ ಹೆಚ್ಚುತ್ತದೆ. ಕ್ಲಚ್ಚನ್ನು ಸುಡದೆ, ಆಕ್ಸಿಲರೇಟರನ್ನು ಒತ್ತಿ ಹಿಡಿಯದೆ ಗಾಡಿ ನಡೆದು ಹೋಗುವಷ್ಟು ನಿಧಾನವಾಗಿ ಏರನ್ನು ಹತ್ತುತ್ತದೆ. ಇಳಿಯುವಾಗ ಇದರ ಪ್ರಯೋಜನ ಇನ್ನೂ ದೊಡ್ಡದು: ಮೊದಲ ಗೇರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುವುದರಿಂದ ಜಾರುವ ಮಣ್ಣಿನಲ್ಲಿ ಬ್ರೇಕು ಮುಟ್ಟುವ ಪ್ರಮೇಯವೇ ಬಹುತೇಕ ಬರುವುದಿಲ್ಲ.

ಆದರೆ ಈ ಬಗೆಯ ವ್ಯವಸ್ಥೆಯನ್ನು ಒಣ ಡಾಂಬರಿನ ಮೇಲೆ ಬಳಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳುತ್ತವೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸ ತುಂಬಿಕೊಳ್ಳುತ್ತದೆ. ಒಣ ರಸ್ತೆಯಲ್ಲಿ ಆ ಒತ್ತಡವೆಲ್ಲ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ. ಹಿಂದಿನ ಮಾಲೀಕರು ಇದನ್ನರಿಯದೆ ಓಡಿಸಿದ್ದರೆ ಅದರ ಪರಿಣಾಮ ಕೊಳ್ಳುವವರ ತಲೆಗೆ ಬರುತ್ತದೆ.

ನಾಲ್ಕು ಚಕ್ರಕ್ಕೆ ಚಾಲನೆಯಿದ್ದರೂ ಜೀಪು ಹೂತುಕೊಳ್ಳುವುದುಂಟು. ಪ್ರತಿ ಅಚ್ಚಿನಲ್ಲೂ ಡಿಫರೆನ್ಷಿಯಲ್ ಎಂಬ ವ್ಯವಸ್ಥೆಯಿದ್ದು, ಒಂದು ಬದಿಯ ಚಕ್ರ ಗಾಳಿಯಲ್ಲೋ ಕೆಸರಿನಲ್ಲೋ ತೇಲಿದರೆ ಅದು ಬರಿದೇ ತಿರುಗುತ್ತ ಇನ್ನೊಂದು ಬದಿಗೆ ಬಲ ಸಿಗದಂತಾಗುತ್ತದೆ. ಇದನ್ನು ತಡೆಯುವ 'ಲಾಕ್' ಇದ್ದ ಗಾಡಿಗೆ ಬೆಲೆ ಹೆಚ್ಚು. ಮನೆ ಬಳಕೆಗೆ ಅದು ಅನಿವಾರ್ಯವಲ್ಲ. ಒಳ್ಳೆಯ ಟಯರು ಮತ್ತು ತಾಳ್ಮೆಯ ಚಾಲಕ ಅದರ ಬಹುಪಾಲು ಕೆಲಸ ಮಾಡಬಲ್ಲರು.

ಯಾವ ವಾಹನ?

ಭಾರತದಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ್ದು 1947ರಲ್ಲಿ. ಆ ವಂಶದ ಸಿಜೆ, ಎಂಎಂ 540 ಮಾದರಿಗಳು ಮಲೆನಾಡಿನಲ್ಲಿ ಇಂದಿಗೂ ಕಾಣಸಿಗುತ್ತವೆ. ಸರಳ ಯಂತ್ರ, ಯಾವ ಗ್ಯಾರೇಜಿನಲ್ಲಿಯೂ ದುರಸ್ತಿಯಾಗುತ್ತವೆ. ಆದರೆ ಇವುಗಳಲ್ಲಿ ಹೆಚ್ಚಿನವು ಇಪ್ಪತ್ತೈದು ವರ್ಷ ದಾಟಿದವು. ಬ್ರೇಕು, ಸ್ಟಿಯರಿಂಗ್ ಇಂದಿನ ಹೆದ್ದಾರಿಗೆ ತಕ್ಕವಲ್ಲ. ತೋಟದೊಳಗಿನ ಕೆಲಸಕ್ಕೆ ಸರಿ, ಬೆಂಗಳೂರಿನಿಂದ ಓಡಿಸಿಕೊಂಡು ಬರುವವರಿಗಲ್ಲ.

ಮಾರುತಿ ಜಿಪ್ಸಿ 1985ರಲ್ಲಿ ಬಂದದ್ದು. 1996ರಲ್ಲಿ 1,298 ಸಿ.ಸಿ. ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. 2000ದಲ್ಲಿ ಇಂಧನವನ್ನು ಸಿಂಪಡಿಸುವ ಎಂಪಿಎಫ್‌ಐ ವ್ಯವಸ್ಥೆ ಸೇರಿತು. ಒಂದು ಟನ್ನಿನ ಆಸುಪಾಸಿನ ಹಗುರ ಮೈಕಟ್ಟೇ ಇದರ ಬಲ. ಭಾರದ ಗಾಡಿಗಳು ಹೂಳುವ ಕೆಸರಿನಲ್ಲಿ ಇದು ತೇಲಿದಂತೆ ಹೋಗುತ್ತದೆ. ಪೆಟ್ರೋಲು ಕುಡಿಯುವುದು, ಗಡುಸಾದ ಲೀಫ್ ಸ್ಪ್ರಿಂಗ್‌ಗಳಿಂದ ಮೈ ಕುಲುಕುವುದು, ಏರ್‌ಬ್ಯಾಗ್ ಇಲ್ಲದಿರುವುದು ಇದರ ಕೊರತೆಗಳು. ಸಾರ್ವಜನಿಕರಿಗೆ ಜಿಪ್ಸಿ ಮಾರಾಟ ನಿಂತ ಮೇಲೆ ಒಳ್ಳೆಯ ಗಾಡಿಗಳಿಗೆ ಅಭಿಮಾನದ ಬೆಲೆ ಬಂದಿದೆ. ಹಳೆಯ ಜಿಪ್ಸಿ ಕೊಳ್ಳುವವರು ಇಂಧನದ ರಬ್ಬರು ಕೊಳವೆಗಳನ್ನು ಬದಲಿಸಿಕೊಳ್ಳುವುದು ಲೇಸು. ಈಗ ಬಂಕುಗಳಲ್ಲಿ ಸಿಗುವ ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ ಅವು ರೂಪುಗೊಂಡವಲ್ಲ.

2010ರ ಅಕ್ಟೋಬರಿನಲ್ಲಿ ಬಂದ ಮೊದಲ ತಲೆಮಾರಿನ ಥಾರ್ ಮಧ್ಯಮ ಬಜೆಟ್ಟಿನವರಿಗೆ ಸಮತೋಲದ ಆಯ್ಕೆ. ಅದರ ಸಿಆರ್‌ಡಿಇ ಮಾದರಿಯಲ್ಲಿ 2,498 ಸಿ.ಸಿ.ಯ 105 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿದೆ. ಬಿಡಿಭಾಗಗಳಲ್ಲಿ ಹಲವು ಮಹೀಂದ್ರದ ಇತರ ಗಾಡಿಗಳಿಗೆ ಸಾಮಾನ್ಯವಾದವು. ನೀರು ಸೋರುವ ಮೇಲ್ಹೊದಿಕೆ, ಹಿಂದೆ ಅಡ್ಡಲಾಗಿ ಕೂರುವ ಆಸನ ಇವು ಕುಟುಂಬದವರಿಗೆ ಹಿಡಿಸಲಾರವು. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದೊಯ್ಯಬೇಕಾದ ಮನೆಗೆ ನಾಲ್ಕು ಚಕ್ರ ಚಾಲನೆಯ ಬೊಲೆರೊ, ಸ್ಕಾರ್ಪಿಯೊ ಅಥವಾ 2019ರಲ್ಲಿ ನಿಂತುಹೋದ ಟಾಟಾ ಸಫಾರಿ ಸ್ಟಾರ್ಮ್ ಹೆಚ್ಚು ಅನುಕೂಲ. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡೂ ಅಚ್ಚಿಗೆ ಲಾಕ್ ಇದೆ. ಆದರೆ ಅದರ ಸೇವಾ ಕೇಂದ್ರ ನಿಮಗೆ ಎಷ್ಟು ದೂರದಲ್ಲಿದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. 2014ರಲ್ಲಿ ಬಂದ ರೆನೊ ಡಸ್ಟರ್‌ನ ನಾಲ್ಕು ಚಕ್ರದ ಮಾದರಿ ಹೆದ್ದಾರಿಯಲ್ಲಿ ಕಾರಿನಷ್ಟೇ ಹಿತಕರ. ಅದರಲ್ಲಿ 'ಲೋ' ಗೇರಿನ ಪೆಟ್ಟಿಗೆಯಿಲ್ಲ. ಒಂದೆರಡು ಜಾರುವ ಏರುಗಳಿಗೆ ಸಾಕು, ಭಾರ ಹೇರಿ ನಿತ್ಯ ಗುಡ್ಡ ಹತ್ತುವುದಕ್ಕಲ್ಲ.

ಇಲ್ಲಿ ಎಚ್ಚರ ತಪ್ಪಿದರೆ ಮೋಸ ಖಚಿತ. ಬೊಲೆರೊ, ಸ್ಕಾರ್ಪಿಯೊ, ಸಫಾರಿಗಳಲ್ಲಿ ಬಹುಪಾಲು ಎರಡು ಚಕ್ರದ ಚಾಲನೆಯವು. ಥಾರ್‌ನಲ್ಲಿಯೂ 2023ರ ಜನವರಿಯಿಂದ ಹಿಂದಿನ ಎರಡು ಚಕ್ರಗಳಷ್ಟೇ ಚಲಿಸುವ ಮಾದರಿ ಬಂದಿದೆ. ಹೊರನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ. ಹಿಂಬಾಗಿಲಿಗೆ ಅಂಟಿಸಿದ '4x4' ಫಲಕವನ್ನು ನಂಬದೆ, ಒಳಗೆ ಗೇರುಕೋಲು ಅಥವಾ ಗುಂಡಿಯಿದೆಯೇ, ಗಾಡಿಯ ಕೆಳಗೆ ಮುಂದಿನ ಅಚ್ಚಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಇದೆಯೇ ಎಂದು ಕಣ್ಣಾರೆ ನೋಡಬೇಕು. ಹಳೆಯ ಜೀಪುಗಳಲ್ಲಿ ಮೈಲೇಜಿನ ಆಸೆಗೆ ಆ ಶಾಫ್ಟನ್ನೇ ಕಳಚಿಟ್ಟಿರುವುದೂ ಉಂಟು.

ಕೆಳಗಿಳಿದು ನೋಡಬೇಕು

ಹೊಳೆಯುವ ಬಣ್ಣ, ಅಗಲವಾದ ಟಯರು, ಮುಂದಿನ ದೀಪಗಳ ಸಾಲು ಇವು ಕೊಳ್ಳುವವರ ಕಣ್ಣು ಕಟ್ಟುತ್ತವೆ. ಅನುಭವಿಗಳು ಮೊದಲು ಹಾಸಿಕೊಂಡು ಮಲಗಿ ಗಾಡಿಯ ತಳ ನೋಡುತ್ತಾರೆ. ಎಂಜಿನ್ ಕೆಟ್ಟರೆ ಸರಿಪಡಿಸಬಹುದು. ಚಾಸಿ ತುಕ್ಕು ಹಿಡಿದರೆ ಗಾಡಿಯ ಆಯುಷ್ಯವೇ ಮುಗಿದಂತೆ. ಸ್ಪ್ರಿಂಗುಗಳು ಚಾಸಿಗೆ ಸೇರುವ ಜಾಗ, ಮೈಕಟ್ಟನ್ನು ಚಾಸಿಗೆ ಬಿಗಿದಿರುವ ಕಡೆಗಳು, ಬ್ರೇಕಿನ ಕೊಳವೆಗಳು ಇವುಗಳನ್ನು ಟಾರ್ಚು ಹಿಡಿದು ಪರೀಕ್ಷಿಸಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ಲೋಹದ ಸದ್ದು ಬರಬೇಕೇ ಹೊರತು ಡೊಳ್ಳು ಸದ್ದಲ್ಲ. ಉಪ್ಪುಗಾಳಿಯ ಕರಾವಳಿಯಲ್ಲಿ ಓಡಿದ ಗಾಡಿಗಳಲ್ಲಿ ತುಕ್ಕಿನ ಭಯ ಹೆಚ್ಚು. ಮಾರಾಟಕ್ಕೆ ಮುನ್ನ ತಳಕ್ಕೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಸಂಶಯ ಪಡುವುದು ಒಳ್ಳೆಯದು.

ಎರಡನೆಯದು ಎಣ್ಣೆಯ ಪರೀಕ್ಷೆ. ಗೇರುಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್, ಮುಂದಿನ ಹಾಗೂ ಹಿಂದಿನ ಅಚ್ಚಿನ ಹೌಸಿಂಗ್, ಈ ನಾಲ್ಕು ಕಡೆಯ ಎಣ್ಣೆಯನ್ನೂ ಮೆಕ್ಯಾನಿಕ್ಕಿನಿಂದ ತುಸು ತೆಗೆಸಿ ನೋಡಬೇಕು. ಅದು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಹಳ್ಳ ದಾಟಿದ ಮೇಲೆ ಎಣ್ಣೆ ಬದಲಿಸದ ಗಾಡಿಗಳ ಲಕ್ಷಣವಿದು. ಎಣ್ಣೆಯಲ್ಲಿ ಲೋಹದ ಚೂರುಗಳು ಹೊಳೆದರೆ ಆ ಗಾಡಿಯ ಯೋಚನೆ ಬಿಡುವುದೇ ಕ್ಷೇಮ. ಕಾಲ್ಕೆಳಗಿನ ಹಾಸನ್ನು ಎತ್ತಿ, ಆಸನದ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ, ಮೂಲೆಯಲ್ಲಿ ಸಣ್ಣ ಮಣ್ಣು ಕೂತಿದೆಯೇ ಎಂದೂ ಗಮನಿಸಬೇಕು. 2018ರ ಮತ್ತು 2019ರ ಆಗಸ್ಟ್ ತಿಂಗಳ ನೆರೆಗಳಂಥ ಸಂದರ್ಭಗಳಲ್ಲಿ ಮುಳುಗಿದ ಗಾಡಿಗಳು ತೊಳೆದು ಒರೆಸಿಕೊಂಡು ದೂರದ ಊರಿನ ಮಾರುಕಟ್ಟೆಗೆ ಬರುತ್ತವೆ.

ಮೂರನೆಯದು ಟಯರು. ನಾಲ್ಕೂ ಒಂದೇ ಅಳತೆಯವಾಗಿದ್ದು, ಹೆಚ್ಚು ಕಡಿಮೆ ಒಂದೇ ಸಮನಾಗಿ ಸವೆದಿರಬೇಕು. ಮುಂದೊಂದು ಅಳತೆ, ಹಿಂದೊಂದು ಅಳತೆಯಿದ್ದ ಗಾಡಿಯ ಟ್ರಾನ್ಸ್‌ಫರ್ ಕೇಸ್ ನರಳಿರುತ್ತದೆ.

ಬಳಿಕ ಓಡಿಸಿ ನೋಡುವುದು. ಡಾಂಬರಿನ ಮೇಲೆ ಐದು ನಿಮಿಷ ಸುತ್ತಿ ಬಂದರೆ ಸಾಲದು. ಮಣ್ಣಿನ ಏರೊಂದಕ್ಕೆ ಒಯ್ಯಬೇಕು. ಗಾಡಿ ನಿಲ್ಲಿಸಿ, ಕ್ಲಚ್ಚು ಒತ್ತಿ 'ಲೋ' ಹಾಕಿದಾಗ ಅದು ಸಲೀಸಾಗಿ ಬೀಳಬೇಕು, ಏರಿನ ಮಧ್ಯೆ ತಾನಾಗಿ ಕಳಚಿಕೊಳ್ಳಬಾರದು. ಸಡಿಲ ಮಣ್ಣಿನಲ್ಲಿ ನಿಧಾನವಾಗಿ ಮುಂದೆ ಸಾಗುವಾಗ ಮುಂದಿನ ಚಕ್ರಗಳೂ ಮಣ್ಣನ್ನು ಕೆರೆಯುತ್ತಿವೆಯೇ ಎಂದು ಇನ್ನೊಬ್ಬರು ಹೊರಗೆ ನಿಂತು ನೋಡಬೇಕು. ಇಳಿಜಾರಿನಲ್ಲಿ ಮೊದಲ ಗೇರಿನಲ್ಲಿಯೇ ಇಳಿಸಿ, ಎಂಜಿನ್ ಗಾಡಿಯನ್ನು ಹಿಡಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಇದಕ್ಕೆ ಒಪ್ಪದ ಮಾರಾಟಗಾರರಿಂದ ಕೊಳ್ಳದಿರುವುದೇ ಜಾಣತನ.

ಕಾಗದಪತ್ರದ ಗುಂಡಿಗಳು

ಕೆಸರಿನಲ್ಲಿ ಹೂತ ಗಾಡಿಯನ್ನು ಹಗ್ಗ ಕಟ್ಟಿ ಎಳೆಯಬಹುದು. ಕಾಗದಪತ್ರದಲ್ಲಿ ಹೂತದ್ದನ್ನು ಎಳೆಯುವವರಿಲ್ಲ. ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಸಂಖ್ಯೆ, ಇಂಧನದ ಬಗೆ ಇವು ಗಾಡಿಯೊಂದಿಗೆ ತಾಳೆಯಾಗಬೇಕು. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಹಿಂದೆ ಸಾಮಾನ್ಯವಾಗಿತ್ತು. ಆ ಬದಲಾವಣೆ ದಾಖಲೆಯಲ್ಲಿ ನಮೂದಾಗಿರದಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಬೇಡ. ತಯಾರಕರ ಮೂಲ ವಿನ್ಯಾಸವನ್ನು ಮನಬಂದಂತೆ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಬಿಡಿಭಾಗಗಳಿಂದ ಜೋಡಿಸಿದ, ಹರಾಜಿನಿಂದ ಬಂದ ಜೀಪುಗಳ ವಿಚಾರದಲ್ಲಿ ಈ ಎಚ್ಚರ ಇಮ್ಮಡಿಯಾಗಿರಬೇಕು.

ಖಾಸಗಿ ವಾಹನದ ನೋಂದಣಿಗೆ 15 ವರ್ಷದ ಅವಧಿ. ನಂತರ ತಪಾಸಣೆಗೆ ಒಯ್ದು 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಕಾರು, ಜೀಪುಗಳ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿತು; 20 ವರ್ಷ ದಾಟಿದವಕ್ಕೆ 2025ರ ಆಗಸ್ಟ್‌ನಲ್ಲಿ ಅದನ್ನು 10,000 ರೂಪಾಯಿಗೆ ಹೆಚ್ಚಿಸಲಾಯಿತು. ರಾಜ್ಯದ ಹಸಿರು ತೆರಿಗೆ ಇದಕ್ಕೆ ಹೊರತು. ಹಾಗಾಗಿ 14 ವರ್ಷದ ಗಾಡಿಯನ್ನು ಕೊಳ್ಳುವವರು ಮುಂದಿನ ವರ್ಷದ ಈ ವೆಚ್ಚವನ್ನೂ ತಪಾಸಣೆಗೆ ಮುನ್ನಿನ ದುರಸ್ತಿಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಬೇಕು.

ದೆಹಲಿಯಿಂದ ಬಂದ ಅಗ್ಗದ ಡೀಸೆಲ್ ಗಾಡಿಗಳ ಆಕರ್ಷಣೆಯೂ ದೊಡ್ಡದು. ಅಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳ ಸಂಚಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತು, ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ಎತ್ತಿ ಹಿಡಿಯಿತು. ಅಂದಿನಿಂದ ಅಲ್ಲಿನ ಗಾಡಿಗಳು ದಕ್ಷಿಣಕ್ಕೆ ಹರಿದು ಬಂದಿವೆ. ಆದರೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು, ಇಲ್ಲಿ ಮರುನೋಂದಣಿ ಆಗಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕಟ್ಟಬೇಕು. ಇವೆಲ್ಲವನ್ನೂ ಕೂಡಿದಾಗ ಅಗ್ಗ ಅಗ್ಗವಾಗಿ ಉಳಿಯುವುದು ಅಪರೂಪ. ಚಿಕ್ಕಮಗಳೂರು ಜಿಲ್ಲೆಯ ಕೆಎ-18 ಅಥವಾ ನೆರೆಜಿಲ್ಲೆಗಳ ನೋಂದಣಿಯ ಗಾಡಿ ತುಸು ದುಬಾರಿಯೆನಿಸಿದರೂ, ಅದರ ಪೂರ್ವಾಪರವನ್ನು ಊರಿನಲ್ಲೇ ವಿಚಾರಿಸಿ ತಿಳಿಯಬಹುದು.

ಗಾಡಿಯ ಮೇಲೆ ಸಾಲವಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ದಂಡ ಬಾಕಿಯಿದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಪರಿವಾಹನ್ ವ್ಯವಸ್ಥೆಯಲ್ಲಿ ನೋಡಿಕೊಳ್ಳಬಹುದು. ಸಾಲ ತೀರಿದ್ದರೆ ಬ್ಯಾಂಕಿನ ಪತ್ರದೊಂದಿಗೆ ನಮೂನೆ 35 ಸಲ್ಲಿಸಿ ಅಡಮಾನದ ನಮೂದನ್ನು ತೆಗೆಸಿರಬೇಕು. ಮಾಲೀಕತ್ವದ ವರ್ಗಾವಣೆಗೆ ನಮೂನೆ 29 ಮತ್ತು 30 ಅಗತ್ಯ. ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಬೇಕು. ಬ್ರೋಕರುಗಳು ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೊಟ್ಟು 'ಆಮೇಲೆ ಮಾಡಿಸಿಕೊಳ್ಳಿ' ಎಂದರೆ ಒಪ್ಪಬಾರದು. ವಿಮೆಯ ಹೆಸರನ್ನೂ 14 ದಿನಗಳೊಳಗೆ ಬದಲಿಸಿಕೊಳ್ಳಲು ಅರ್ಜಿ ಹಾಕಬೇಕು. ಅದು ಹಿಂದಿನವರ ಹೆಸರಿನಲ್ಲೇ ಉಳಿದು ಅಪಘಾತವಾದರೆ ನಿಮ್ಮ ಗಾಡಿಯ ಹಾನಿಗೆ ಪರಿಹಾರ ಸಿಗದೆ ಹೋಗಬಹುದು.

ಹಣದ ಹಂಚಿಕೆ

ಕೈಯಲ್ಲಿ 5 ಲಕ್ಷ ರೂಪಾಯಿಯಿದ್ದರೆ 5 ಲಕ್ಷದ ಗಾಡಿ ನೋಡುವುದು ಸಾಮಾನ್ಯ ತಪ್ಪು. 4 ಲಕ್ಷದೊಳಗಿನ ಗಾಡಿ ನೋಡಿ, ಉಳಿದ ಹಣವನ್ನು ಬದಿಗಿಡಬೇಕು. ಹಳೆಯ ನಾಲ್ಕು ಚಕ್ರ ಚಾಲನೆಯ ಗಾಡಿಯೆಂದರೆ ಎರಡು ಅಚ್ಚು, ಎರಡು ಪ್ರೊಪೆಲ್ಲರ್ ಶಾಫ್ಟ್, ಒಂದು ಹೆಚ್ಚುವರಿ ಪೆಟ್ಟಿಗೆ. ಸವೆಯುವ ಭಾಗಗಳೂ ಅಷ್ಟೇ ಹೆಚ್ಚು. ಕೊಂಡ ತಕ್ಷಣ ಎಲ್ಲ ಎಣ್ಣೆಗಳನ್ನೂ ಬದಲಿಸಿ, ಬ್ರೇಕು, ಜಾಯಿಂಟು, ಸೀಲುಗಳನ್ನು ಸರಿಪಡಿಸಿ, ಟಯರು ಸವೆದಿದ್ದರೆ ನಾಲ್ಕನ್ನೂ ಹೊಸದಾಗಿ ಹಾಕಿಸುವುದು ಮೊದಲ ಮಳೆಗಾಲದ ಮುನ್ನಿನ ಕೆಲಸ. ಆಳವಾದ ಗೀರುಗಳಿರುವ ಸಾಮಾನ್ಯ ಅಳತೆಯ ಟಯರು ಸಾಕು. ಅತಿ ಅಗಲದ್ದು ಬೇಡ.

ಪ್ರವಾಸಿಗರನ್ನು ಗುಡ್ಡಕ್ಕೆ ಹತ್ತಿಸುವ ಕೆಲಸದಲ್ಲಿದ್ದ ಗಾಡಿಗಿಂತ, ತೋಟದ ಮನೆಯಲ್ಲಿ ಮಳೆಗಾಲಕ್ಕಷ್ಟೇ ಬಳಕೆಯಾದದ್ದು ಉತ್ತಮ. ಕಿಲೋಮೀಟರು ಮಾಪಕದ ಅಂಕಿಗಿಂತ ಆ ಗಾಡಿಯ ದುರಸ್ತಿ ಮಾಡುತ್ತಿದ್ದ ಮೆಕ್ಯಾನಿಕ್ಕಿನ ಮಾತಿಗೆ ಹೆಚ್ಚು ತೂಕವಿದೆ. ಕೊಳ್ಳುವ ಮುನ್ನ ಕೊಪ್ಪದಲ್ಲೋ ಶೃಂಗೇರಿಯಲ್ಲೋ ನೀವು ಮುಂದೆ ದುರಸ್ತಿಗೆ ಬಿಡಲಿರುವ ಗ್ಯಾರೇಜಿನವರನ್ನೇ ಕರೆದೊಯ್ದು ತೋರಿಸಿ. ಅವರು ಬಿಚ್ಚಿ ಜೋಡಿಸಬಲ್ಲ ಗಾಡಿಯೇ ನಿಮಗೆ ತಕ್ಕ ಗಾಡಿ.

ಕೊನೆಯದಾಗಿ ಸಮಯದ ಮಾತು. ಬೇಸಿಗೆಯಲ್ಲಿ ಎಲ್ಲ ಜೀಪುಗಳೂ ಚೆನ್ನಾಗಿಯೇ ಕಾಣುತ್ತವೆ. ಸೋರುವ ಮೇಲ್ಛಾವಣಿ, ಒದ್ದೆಯಾದಾಗ ಹಿಡಿಯದ ಬ್ರೇಕು, ನಿಂತುಹೋಗುವ ವೈಪರು, ತೇವಕ್ಕೆ ಕೈಕೊಡುವ ವೈರಿಂಗ್ ಇವೆಲ್ಲ ಬಯಲಾಗುವುದು ಮಳೆಯಲ್ಲಿ. ಸಾಧ್ಯವಾದರೆ ಧೋ ಎಂದು ಮಳೆ ಸುರಿಯುವ ದಿನವೇ ಗಾಡಿ ನೋಡಲು ಹೋಗಿ. ಅಂಗಳದಲ್ಲಿ ರಾತ್ರಿಯಿಡೀ ನೆನೆದ ಜೀಪು ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆಗಿ, ಏರನ್ನು ಹತ್ತಿ, ಅದೇ ಏರನ್ನು ಹಿಡಿತ ತಪ್ಪದೆ ಇಳಿದರೆ ಬೆಲೆಯ ಮಾತುಕತೆಗೆ ಕೂರಬಹುದು.